ಮುರಿಗೆಪ್ಪನ ಮನೆಯ ಮೂಕ ಹುಳಗಳು

ನಮ್ಮ ಊರಿನ ಜನ ದಡ್ಡರು ಎಂದು ನಾನು ಹೇಳುವುದಿಲ್ಲ. ದಡ್ಡರಿಗಾದರೆ ಹೇಳಿದರೆ ತಿಳಿಯುತ್ತದೆ. ಇವರು ಎಲ್ಲ ತಿಳಿದವರು. ಎಲ್ಲ ತಿಳಿದವರಿಗೆ ತಿಳಿಸಿ ಹೇಳುತ್ತೇನೆಂದು ಹದಿನಾಲ್ಕು ಪುಟದ ವರದಿ ಬರೆದುಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಿರಿಯರು ನ್ಯಾಯ ಹೇಳುವ ಕಟ್ಟೆಗೆ ಹೋದವಳು ನಾನು. ಹಾಗಾಗಿ ಈ ಕಥೆಯಲ್ಲಿ ದಡ್ಡರು ಯಾರಾದರೂ ಬೇಕೇ ಬೇಕೆಂದರೆ ಮೊದಲು ನನ್ನ ಹೆಸರನ್ನೇ ಹಿಡಿಯಬಹುದು. ಮುರಿಗೆಪ್ಪನದು ಆಮೇಲೆ.

ನಮ್ಮಲ್ಲಿ ಪ್ರತಿ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ತೌಡಿನ ಗಡಿಗೆ ಇರುತ್ತದೆ, ಅದರೊಳಗೆ ಕೂಗುಹುಳ. ಹುಣಸೆ ಬೀಜದಷ್ಟು ಗಾತ್ರ, ಅದಕ್ಕಿಂತ ಕಪ್ಪು. ಬೆಳಗಾಗುವಾಗ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ, ರೆಕ್ಕೆಗೆ ರೆಕ್ಕೆ ಉಜ್ಜಿ ಕೂಗುತ್ತವೆ. ಹುಳ ಕೂಗಿದರೆ ಅದು ಮನೆ, ಕೂಗದಿದ್ದರೆ ಬರೀ ನಾಲ್ಕು ಗೋಡೆ. ಅದಕ್ಕೇ ನಮ್ಮ ಅಂಚೆಯವನು ಸಂಜೆ ಬರುತ್ತಾನೆ. ಗೂಡಿಗೆ ಕಿವಿ ಇಟ್ಟು ಕೇಳಿಸಿಕೊಂಡ ಮೇಲೆಯೇ ಕಾಗದ ಕೊಡುವುದು. ಮತದಾರರ ಪಟ್ಟಿ ಬರೆಯುವ ಮೇಷ್ಟ್ರು ಬೆಳಗಿನ ಕೂಗಿಗೆಂದು ನಸುಕಿನಲ್ಲೇ ಓಣಿಗೆ ಬಂದು, ಮೂರು ಮನೆಯ ಚಹಾ ಮುಗಿಸಿ, ಎರಡು ಮನೆಯ ಹೆಸರು ಬರೆದುಕೊಂಡು ಹೋಗುತ್ತಾರೆ. ಕನ್ಯೆ ನೋಡಲು ಬಂದವರು ಮೊದಲು ಗಡಿಗೆಯ ಮುಂದೆ ಕೂಡುತ್ತಾರೆ. ಹುಳ ಜೋರಾಗಿ ಕೂಗಿದರೆ ಹುಡುಗಿಯ ಮುಖವನ್ನು ಅಷ್ಟೇನೂ ನೋಡುವುದಿಲ್ಲ.

ಹುಳ ಕೂಗು ನಿಲ್ಲಿಸಿದರೆ ಆ ಮನೆಗೆ ಬೇಡವಾದವರು ಯಾರೋ ಒಳಗಿದ್ದಾರೆ ಎಂದು ಅರ್ಥ. ಯಾರು ಎಂದು ಹುಡುಕುವ ತಲೆನೋವು ನಮ್ಮ ಹಿರಿಯರಿಗಿಲ್ಲ. ಕೊನೆಗೆ ಬಂದವರು ಮೊದಲು ಹೊರಗೆ. ಅಮಾವಾಸ್ಯೆಯ ತನಕ ಗಡುವು. ತೌಡು ಹಸಿಯಾದರೆ, ಚಳಿ ಹೆಚ್ಚಾದರೆ ಹುಳ ಒಂದು ತಿಂಗಳು ಸುಮ್ಮನಿರುತ್ತವೆ, ಆಮೇಲೆ ತಾವೇ ಕೂಗುತ್ತವೆ. ಅಷ್ಟರಲ್ಲಿ ಯಾರೋ ಒಬ್ಬರು ಗಂಟು ಕಟ್ಟಿಕೊಂಡು ಹೋಗಿರುತ್ತಾರೆ, ನಿಯಮ ನಿಜವಾಗಿರುತ್ತದೆ. ನಾನು ಕಂಡ ಇಪ್ಪತ್ತು ವರ್ಷದಲ್ಲಿ ಹೀಗೆ ಹೊರಬಿದ್ದವರು ಏಳು ಮಂದಿ. ಐವರು ಸೊಸೆಯರು, ಒಬ್ಬಳು ಗಂಡ ಬಿಟ್ಟು ಬಂದ ತಂಗಿ, ಒಬ್ಬ ಮನೆ ಅಳಿಯ. ಹುಳಕ್ಕೂ ಅತ್ತೆಯ ಬುದ್ಧಿಯೇ ಎಂದು ಕಾಣುತ್ತದೆ.

ನನ್ನ ಕೆಲಸ ಆ ಹುಳದ ಹೊಟ್ಟೆ ಕೊಯ್ಯುವುದು. ನಗಬೇಡಿ, ಇದಕ್ಕೆ ಸಂಬಳ ಬರುತ್ತದೆ. ಊರ ಹೊರಗಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹುಳವನ್ನು ಮಲಗಿಸಿ, ಸೂಜಿಯಷ್ಟು ಸಣ್ಣ ಚಿಮಟದಿಂದ ಕರುಳನ್ನು ಎಳೆಯುತ್ತೇನೆ. ಕರುಳಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಹಳದಿ ಗಂಟೊಂದು ಇರುತ್ತದೆ. ಆ ಗಂಟಿನ ತುಂಬ ಬ್ಯಾಕ್ಟೀರಿಯಾ. ಅದನ್ನು ಅರೆದು, ಸೋಸಿ, ಹುಳದ ಡಿಎನ್ಎ ಎಲ್ಲ ತೊಳೆದುಹೋಗುವಂತೆ ಮಾಡಿ, ಬ್ಯಾಕ್ಟೀರಿಯಾದ ಡಿಎನ್ಎಯನ್ನು ಮಾತ್ರ ಉಳಿಸಿಕೊಂಡು ಅಕ್ಷರ ಅಕ್ಷರವಾಗಿ ಓದುವುದು. ಓದಿದರೆ ಏನಿರುತ್ತದೆ ಅಂತೀರಿ? ಹೆಚ್ಚು ಏನೂ ಇರುವುದಿಲ್ಲ. ಹುಳದ ಹೊಟ್ಟೆಯಲ್ಲಿ ಬೆಚ್ಚಗೆ ಕೂತು ಕೂತು ಈ ಬ್ಯಾಕ್ಟೀರಿಯಾ ತನ್ನ ವಂಶವಾಹಿಗಳನ್ನು ಒಂದೊಂದಾಗಿ ಕಳೆದುಕೊಂಡಿದೆ. ತನ್ನ ಊಟ ತಾನು ಹುಡುಕಲಾರದು, ಹೊರಗೆ ಬಿಟ್ಟರೆ ಒಂದು ಗಳಿಗೆ ಬದುಕಲಾರದು. ಆದರೆ ಹುಳದ ಚಿಪ್ಪು ಗಟ್ಟಿಯಾಗಲು ಬೇಕಾದ ಸತ್ವವನ್ನು ಮಾತ್ರ ಇವತ್ತಿಗೂ ತಪ್ಪದೆ ಮಾಡಿಕೊಡುತ್ತದೆ. ಕಟ್ಟೆಯ ಮೇಲೆ ಕೂಡುವ ನಮ್ಮ ಐದು ಮಂದಿ ಹಿರಿಯರಿಗಿಂತ ವಾಸಿ. ಇದು ಒಂದು ಕೆಲಸವನ್ನಾದರೂ ಉಳಿಸಿಕೊಂಡಿದೆ.

ಊರಿನವರು ನನ್ನನ್ನು ಹುಳದ ಅಕ್ಕೋರು ಅನ್ನುತ್ತಾರೆ. ಹೋದ ವರ್ಷ ಇನ್ನೂರ ಹನ್ನೆರಡು ಮನೆಗಳಿಂದ ಐದೈದು ಹುಳ ಕೇಳಿ ತಂದು, ಮನೆಗೊಂದು ಬಾಟಲಿಯಲ್ಲಿ ಸಾಕಿಕೊಂಡಿದ್ದೆ. ಪ್ರಯೋಗಾಲಯ ಮನೆಯಲ್ಲವಾದ್ದರಿಂದ ಅಲ್ಲಿ ಇನ್ನೂರ ಹನ್ನೆರಡು ಬಾಟಲಿ ಒಟ್ಟಿಗೆ ಕೂಗಿದರೂ ಯಾರಿಗೂ ಲೆಕ್ಕವಿಲ್ಲ, ನನ್ನ ಕಿವಿಗೆ ಬಿಟ್ಟು.

ಒಂದು ಮಧ್ಯಾಹ್ನ ನೀಲಗಂಗಾ ಬಂದಳು. ಮುರಿಗೆಪ್ಪನ ತಮ್ಮನ ಹೆಂಡತಿ, ಹಳೆ ಬಟ್ಟೆಯಿಂದ ಕೌದಿ ಹೊಲಿಯುವುದರಲ್ಲಿ ಊರಿಗೇ ಎತ್ತಿದ ಕೈ. ಗಂಡ ಚೆನ್ನಪ್ಪ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಬಾಗಿಲಲ್ಲೇ ನಿಂತು, "ಅಕ್ಕೋರ, ನಮ್ಮ ಮನ್ಯಾಗ ಹುಳ ಕೂಗವಲ್ವು. ಹನ್ನೆರಡು ದಿನ ಆತು. ಭಾವಾರು ಕಟ್ಟೀಗೆ ಸುದ್ದಿ ಮುಟ್ಟಿಸ್ಯಾರ. ಅಮಾಸಿಗೆ ನಾ ಹೊರಗ ಬೀಳಬೇಕಂತ," ಅಂದಳು.

"ತವರಿಗೆ ಹೋಗ್ತೀಯೇನು?" ಅಂದೆ. ಕೇಳಬಾರದಿತ್ತು.

"ಅಲ್ಲೀನೂ ನಾನ ಕೊನೀಗೆ ಬಂದಾಕಿ ಆಗತೀನಿ. ಅಲ್ಲಿ ಹುಳಕ್ಕ ನೆಗಡಿ ಬಂದ್ರೂ ನನ್ನ ಮ್ಯಾಲೆ ಬರತೈತಿ. ಹನ್ನೊಂದು ವರ್ಷ ಆ ಮನ್ಯಾಗ ದುಡದೀನ್ರಿ. ಹಿಂದಿನ ಖೋಲಿ ಗ್ವಾಡಿಗೆ ಮಣ್ಣು ತುಳದಾಕಿ ನಾನು. ಆ ಖೋಲಿ ಒಂದು ಇದ್ರ ಸಾಕು ನನಗ, ಬ್ಯಾರೆ ಏನೂ ಬ್ಯಾಡ." ಅಳಲಿಲ್ಲ ಅವಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಹೊರಬಿದ್ದವರ ಗತಿ ನನಗೆ ಗೊತ್ತು. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಯಾರ ಬಾಗಿಲಲ್ಲೂ ಅವರಿಗೆ 'ಬರ್ರಿ' ಎಂಬ ಮಾತಿಲ್ಲ.

ಅವತ್ತೇ ಅವರ ಮನೆಗೆ ಹೋದೆ. ಮುರಿಗೆಪ್ಪ ಜಗುಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಮೀಸೆಗೆ ಎಣ್ಣೆ, ಮಾತಿಗೆ ಬೆಣ್ಣೆ. "ಬರ್ರಿ ಅಕ್ಕೋರ, ನೋಡ್ರಿ. ಹುಳಕ್ಕ ಏನ ಅನಿಸೈತೋ ಏನೋ. ನಮ್ಮ ಕೈಯಾಗ ಏನೈತ್ರಿ," ಅಂದ. ಗಡಿಗೆಯಲ್ಲಿ ಕೈಯಾಡಿಸಿದೆ. ಹಳೆಯ ಹುಳಗಳು ಸತ್ತು ಹೋಗಿದ್ದವು. ಅವುಗಳ ಆಯುಷ್ಯವೇ ನಲವತ್ತು ದಿನ. ಹೊಸದಾಗಿ ಹುಟ್ಟಿದವು ಕಪ್ಪಗಿರಲಿಲ್ಲ, ಚಹಾದ ಬಣ್ಣಕ್ಕಿದ್ದವು. ಬೆರಳಲ್ಲಿ ಹಿಡಿದರೆ ಮೆತ್ತಗೆ ತಗ್ಗುತ್ತಿದ್ದವು. ಪಾಪ, ರೆಕ್ಕೆ ಉಜ್ಜುತ್ತಲೇ ಇದ್ದವು. ಮೆತ್ತನೆಯ ರೆಕ್ಕೆಯಿಂದ ಶಬ್ದ ಎಲ್ಲಿಂದ ಬರಬೇಕು? ತೌಡಿನಲ್ಲಿ ಅಲ್ಲಲ್ಲಿ ಹಳದಿ ಪುಡಿ ಕಂಡಿತು. ಹತ್ತು ಹುಳ, ಒಂದು ಹಿಡಿ ತೌಡು ಕಟ್ಟಿಕೊಂಡು ಬಂದೆ.

ಹತ್ತೂ ಹುಳ ಕೊಯ್ದೆ. ಗಂಟು ಇರಬೇಕಾದ ಜಾಗದಲ್ಲಿ ಬತ್ತಿದ ಸಿಪ್ಪೆ. ಅರೆದು ಸೋಸಿ ನೋಡಿದರೆ ಬ್ಯಾಕ್ಟೀರಿಯಾದ ಡಿಎನ್ಎ ಒಂದಕ್ಷರವೂ ಇಲ್ಲ. ನನ್ನ ಬಾಟಲಿಯಲ್ಲಿ ಅದೇ ಮನೆಯ ಹುಳಗಳಿದ್ದವಲ್ಲ, ಅವನ್ನೂ ಕೊಯ್ದೆ. ಅವುಗಳ ಗಂಟು ತುಂಬಿ ತುಳುಕುತ್ತಿತ್ತು. ಕೊನೆಗೆ ತೌಡನ್ನು, ಬೇರೆ ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಚಿಟಿಕೆಯಷ್ಟು ಇಟ್ಟೆ. ಮಾರನೆಯ ದಿನ ತೌಡಿನ ಸುತ್ತ ಬಳೆಯಗಲ ಜಾಗ ಖಾಲಿ, ಅಲ್ಲಿ ಒಂದೂ ಬದುಕಿರಲಿಲ್ಲ. ಜ್ವರಕ್ಕೆ ಕೊಡುವ ಹಳದಿ ಕ್ಯಾಪ್ಸೂಲಿನ ಪುಡಿ ಅದು. ತಮ್ಮನ ತಿಥಿಯ ಊಟ ಅರಗುವ ಮೊದಲೇ ಮುರಿಗೆಪ್ಪ ಗಡಿಗೆಗೆ ಔಷಧಿ ಹಾಕಲು ಶುರು ಮಾಡಿದ್ದ. ಹುಳ ಕೂಗದಂತೆ ಮಾಡುವುದು, ತಮ್ಮನ ಹೆಂಡತಿಯನ್ನು ಹೊರದೂಡುವುದು, ಆಮೇಲೆ ಔಷಧಿ ನಿಲ್ಲಿಸಿದರೆ ಹುಳ ಕೂಗುತ್ತವೆ ಎಂಬುದು ಅವನ ಎಣಿಕೆ. ಥೂ! ಅಷ್ಟು ದೊಡ್ಡ ಮನೆಯಲ್ಲಿ ಒಂದು ಖೋಲಿಗಾಗಿ!

ಕಟ್ಟೆಗೆ ಹೋದೆ. ಐವರಲ್ಲಿ ಹಿರಿಯ ಅಡಿವೆಪ್ಪ ನನ್ನ ವರದಿಯನ್ನು ತೆಗೆದುಕೊಂಡು, ತೂಕ ನೋಡಿ, ತೊಡೆಯ ಕೆಳಗೆ ಇಟ್ಟುಕೊಂಡು, "ನೀವು ಕಲ್ತವರು. ಕಲ್ತವರ ಮಾತು ನಾವು ಕೇಳತೀವಿ, ಹೇಳ್ರಿ," ಅಂದ. ಹೇಳಿದೆ. ಗಂಟು, ಬ್ಯಾಕ್ಟೀರಿಯಾ, ಚಿಪ್ಪು, ಪುಡಿ, ಎಲ್ಲ.

ಮುರಿಗೆಪ್ಪ ನಾಚಿಕೊಳ್ಳುತ್ತಾನೆಂದು ಕಾದೆ. ಅವನು ಎದ್ದು ನಿಂತು, "ಹೌದ್ರೀ, ಹಾಕೀನಿ. ಹುಳ ಸಪ್ಪಗಿದ್ವು. ಜ್ವರ ಬಂದೈತಿ ಅಂತ ಗುಳಿಗಿ ಬಿಚ್ಚಿ ಹಾಕೀನಿ. ಮನೀ ಹುಳಕ್ಕ ಔಷಧ ಕೊಡೂದು ತಪ್ಪೇನ್ರಿ?" ಅಂದ. ಐವರೂ ತಲೆದೂಗಿದರು. ಒಬ್ಬರಂತೂ, ಎಂಥ ಕರುಳಿನ ಮನುಷ್ಯನಪ್ಪ, ತಮ್ಮ ಸತ್ತ ದುಃಖದಲ್ಲೂ ಹುಳದ ಚಿಂತೆ ಮಾಡ್ಯಾನ ಎಂದು ಕಣ್ಣೊರೆಸಿಕೊಂಡರು.

ಅಡಿವೆಪ್ಪ ಕೇಳಿದ: "ಅಕ್ಕೋರ, ಹುಳದ ಹೊಟ್ಟ್ಯಾಗ ಇನ್ನೊಂದು ಜೀವ ಇತ್ತು ಅಂತೀರಿ. ಅದು ಯಾವಾಗ ಬಂದದ್ದು?"

"ಲಕ್ಷಾಂತರ ವರ್ಷದ ಹಿಂದೆ."

"ಹಂಗಾರ ಅದು ಮೊದಲ ಬಂದದ್ದು. ಅದರ ಮ್ಯಾಲೆ ದೋಷ ಬರೂದಿಲ್ಲ. ಕೊನೀಗೆ ಬಂದಾಕಿ ನೀಲಗಂಗವ್ವನ."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ತೀರ್ಪು ಕೊಡುವುದಿಲ್ಲ. ನಾನು ಬಿಡಲಿಲ್ಲ. ಆ ಬ್ಯಾಕ್ಟೀರಿಯಾ ತಾಯಿಹುಳದಿಂದ ಮೊಟ್ಟೆಗೆ ಬರಬೇಕು, ಗಾಳಿಯಿಂದ ಬರುವುದಿಲ್ಲ, ಒಮ್ಮೆ ಸತ್ತರೆ ಈ ಗಡಿಗೆ ಇನ್ನು ಯಾವತ್ತೂ ಕೂಗುವುದಿಲ್ಲ ಎಂದೆ. ಇದೇ ಮನೆಯ ಒಳ್ಳೆಯ ಹುಳ ನನ್ನ ಬಾಟಲಿಯಲ್ಲಿವೆ, ತಂದು ಹಾಕುತ್ತೇನೆ, ಈ ಹೆಣ್ಣುಮಗಳು ಮನೆಯಲ್ಲಿರುವಾಗಲೇ ಅವು ಕೂಗುವುದನ್ನು ನೀವೇ ಕೇಳಿ ಎಂದೆ.

ಅಡಿವೆಪ್ಪ ನಕ್ಕ. "ಹೊರಗಿಂದ ಹುಳ ಹೊತ್ತು ಹೊಸ್ತಲಾ ದಾಟಿದವರು ಆ ಮನಿಗೆ ಮೊದಲ ಬಂದವರು ಆಗತಾರ. ಉಳದವರೆಲ್ಲಾ ಅವರ ಹಿಂದ. ಅಕ್ಕೋರು ಮುರಿಗೆಪ್ಪನ ಮನಿಗೆ ಯಜಮಾನ್ತಿ ಆಗಾಕ ಹೊಂಟಾರೇನು?" ಕಟ್ಟೆಯ ಸುತ್ತ ನಿಂತಿದ್ದ ಊರೆಲ್ಲ ಘೊಳ್ಳೆಂದು ನಕ್ಕಿತು. ಮುರಿಗೆಪ್ಪ ಮೀಸೆ ಸವರಿಕೊಂಡ. ನನ್ನ ಕಿವಿ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಗುಂಪಿನ ಹಿಂದೆ ನಿಂತಿದ್ದ ನೀಲಗಂಗಾ ಮಾತ್ರ ನಗಲಿಲ್ಲ. ಆ ಮಾತನ್ನು ಇಡೀ ಊರಿನಲ್ಲಿ ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ ಎಂದು ನನಗೆ ಗೊತ್ತಾದದ್ದು ಆಮೇಲೆ.

ಅಮಾವಾಸ್ಯೆಯ ದಿನ ಅವಳು ಹೊರಬಿದ್ದಳು. ಎರಡು ಕೌದಿ, ಒಂದು ಟ್ರಂಕು. ಓಣಿಯ ಹೆಂಗಸರು ಬಾಗಿಲು ಓರೆ ಮಾಡಿಕೊಂಡು ಸಂದಿಯಿಂದ ನೋಡಿದರು. ಹಗ್ಗ ಹೊಸೆಯುವವರ ಓಣಿಯಲ್ಲಿ ಹಾಳು ಬಿದ್ದಿದ್ದ ಒಂದು ಖೋಲಿಯನ್ನು ನಾನೇ ಹುಡುಕಿ ಕೊಡಿಸಿದ್ದೆ. ಸಿಟ್ಟು ತಡೆಯಲಾರದೆ ಅವರ ಮನೆಯ ಬಾಟಲಿಯಿಂದ ಮೂರು ಹೆಣ್ಣುಹುಳ, ಒಂದು ಗಂಡುಹುಳ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಉಪ್ಪಿನಕಾಯಿಯ ಭರಣಿ ತೊಳೆದು ಒಣಗಿಸಿ, ತೌಡು ತುಂಬಿ ಅದರಲ್ಲಿ ಬಿಟ್ಟಳು. ಎರಡು ತಿಂಗಳು ತುಂಬುವುದರೊಳಗೆ ಭರಣಿಯ ತುಂಬ ಹುಳ, ಮೈಯೆಲ್ಲ ಕಪ್ಪು. ಕೂಗಿದ ಮೊದಲ ಸಂಜೆಯೇ ಅಂಚೆಯವನು ಕಾಗದವಿಲ್ಲದಿದ್ದರೂ ಬಂದು, ಕಿವಿ ಇಟ್ಟು, "ಹೂಂ, ಮನಿ ಆತು," ಎಂದು ಹೇಳಿ ಹೋದನಂತೆ.

ಅತ್ತ ಮುರಿಗೆಪ್ಪ ಔಷಧಿ ನಿಲ್ಲಿಸಿದ್ದ. ದಿನಾ ಸಂಜೆ ಗಡಿಗೆಯ ಮುಂದೆ ಕೂತು ಕಾಯುತ್ತಿದ್ದ. ಹುಳ ಕೂಗಲಿಲ್ಲ. ತೌಡು ಬದಲಿಸಿದ, ಬೆಲ್ಲ ಹಾಕಿದ, ಕೈಮುಗಿದ. ಕೂಗಲಿಲ್ಲ. ಹುಳ ಕೂಗದಿದ್ದರೆ ಬೇಡವಾದವರು ಇನ್ನೂ ಒಳಗಿದ್ದಾರೆ ಎಂದೇ ತಾನೇ ಅರ್ಥ? ನಿಯಮಕ್ಕೆ ಕಣ್ಣಿಲ್ಲ, ನಮ್ಮ ಹಿರಿಯರಿಗೆ ನಿಲ್ಲಿಸುವ ಬುದ್ಧಿಯಿಲ್ಲ. ಮುಂದಿನ ಅಮಾವಾಸ್ಯೆಗೆ ಅವನ ಮಗ ಈರಣ್ಣನ ಸರದಿ. ಇಪ್ಪತ್ತು ವರ್ಷದ ಹಿಂದೆ ಆ ಮನೆಯಲ್ಲೇ ಹುಟ್ಟಿದವನು. ಹುಟ್ಟಿದ್ದೂ ಬಂದದ್ದೇ ಅಂದ ಅಡಿವೆಪ್ಪ. ಈರಣ್ಣ ಹಾಸಿಗೆ ಸುತ್ತಿಕೊಂಡು ಹಿಟ್ಟಿನ ಗಿರಣಿಯ ಮೇಲಿನ ಖೋಲಿಗೆ ಹೋಗಿ, ಬೀಡಿ ಸೇದಲು ಇನ್ನು ಹಿತ್ತಲಿಗೆ ಹೋಗಬೇಕಾಗಿಲ್ಲವೆಂದು ಖುಷಿಪಟ್ಟ. ಹುಳ ಕೂಗಲಿಲ್ಲ. ಮೂರನೆಯ ಅಮಾವಾಸ್ಯೆ ಮುರಿಗೆಪ್ಪನ ಹೆಂಡತಿ ಗುರುಬಸವ್ವನದು. ಆಕೆ ಯಾರೂ ಹೇಳುವ ಮೊದಲೇ ಎರಡು ದಿನ ಮುಂಚೆ ಹೊರಟಳು. ದಾರಿಯಲ್ಲಿ ನನ್ನನ್ನು ಕಂಡು, "ತವರಾಗ ಕೊನ್ಯಾಕಿ ಆದ್ರೂ ಅಡ್ಡಿ ಇಲ್ರಿ. ಈ ಮನಶ್ಯಾಗ ರೊಟ್ಟಿ ಬಡಿಯೂದು ತಪ್ಪಿತಲ್ಲ," ಅಂದು ಬಸ್ಸು ಹತ್ತಿದಳು.

ಹುಳ ಕೂಗಲಿಲ್ಲ. ಈಗ ಮನೆಯಲ್ಲಿ ಉಳಿದವನು ಒಬ್ಬ. ಒಬ್ಬನೇ ಇರುವಲ್ಲಿ ಕೊನೆಯವನು ಯಾರು ಎಂದು ಕಟ್ಟೆಯಲ್ಲಿ ಮೂರು ದಿನ ಚರ್ಚೆಯಾಯಿತು. ಆ ಮೂರು ದಿನ ನಾನು ಹುಳ ಕೊಯ್ಯುವ ಕೆಲಸಕ್ಕೆ ರಜೆ ಹಾಕಿ ಕೇಳಲು ಹೋಗಿದ್ದೆ, ಸುಳ್ಳೇಕೆ ಹೇಳಲಿ. ಕಡೆಗೆ ಅಡಿವೆಪ್ಪ, "ಒಬ್ಬನ ಇದ್ರೂ ಸಾಲಿಗೆ ಕೊನಿ ಅನ್ನೂದು ಇದ್ದ ಇರತೈತಿ," ಅಂದ. ಅಮಾವಾಸ್ಯೆಗೆ ಮುರಿಗೆಪ್ಪ ಹೊರಗೆ, ಮನೆಯಲ್ಲಿ ಊರಿನ ದನಕ್ಕೆ ಹೊಟ್ಟು ತುಂಬುವುದು. ತಾನು ತೋಡಿದ ಗುಂಡಿ ಇಷ್ಟು ಅಳತೆಗೆ ಸರಿಯಾಗಿ ಯಾರಿಗೂ ಕೂತದ್ದನ್ನು ನಾನು ಕಂಡಿಲ್ಲ.

ಮಾರನೆಯ ಬೆಳಿಗ್ಗೆ ಅವನು ನನ್ನ ಮುಂದೆ ನಿಂತಿದ್ದ. ಮೀಸೆಗೆ ಎಣ್ಣೆ ಇರಲಿಲ್ಲ. "ಅಕ್ಕೋರ, ನಿಮ್ಮ ಕಾಲಿಗೆ ಬೀಳತೀನಿ. ಏನರ ಮಾಡ್ರಿ."

ನಾನು ಅವನ ಮನೆಯ ಹುಳವೊಂದನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಖಾಲಿ ಸಿಪ್ಪೆಯನ್ನು ಅವನು ಬಹಳ ಹೊತ್ತು ನೋಡಿದ. "ಇದು ತಾಯಿಯಿಂದನ ಬರಬೇಕೇನ್ರಿ? ಅಪ್ಪನಿಂದ ಬರೂದಿಲ್ಲ?"

"ಬರೂದಿಲ್ಲ."

"ಹಂಗಾರ ಗಂಡುಹುಳ ಏನ ಮಾಡತಾವು?"

"ಜೋರಾಗಿ ಕೂಗತಾವು, ಅಷ್ಟ."

ಬಾಟಲಿ ಕೊಡಿ, ನಾನೇ ಹೊತ್ತುಕೊಂಡು ಹೋಗುತ್ತೇನೆ ಅಂದ. ಆ ಹುಳಗಳನ್ನು ನಾನು ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟಾಯಿತು, ಬೇಕಿದ್ದರೆ ಹಗ್ಗದವರ ಓಣಿಗೆ ಹೋಗು ಅಂದೆ. ಬಾಟಲಿಯಲ್ಲಿ ಇನ್ನೂ ಉಳಿದದ್ದನ್ನು ಹೇಳಲಿಲ್ಲ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದ. ನೀಲಗಂಗಾ ಕೌದಿಗೆ ಅಂಚು ಹೊಲಿಯುತ್ತ ಕೂತಿದ್ದಳು. ಏಳಲಿಲ್ಲ. "ಬರ್ರಿ ಭಾವಾರ," ಅಂದಳು. ಆ 'ಬರ್ರಿ' ಕೇಳಿ ಮುರಿಗೆಪ್ಪನ ಮುಖ ಹಿಂಡಿದಂತಾಯಿತು; ಇದು ಮನೆ, ಇವಳು ಕರೆಯಬಲ್ಲವಳು, ತಾನು ಇನ್ನು ಎಂಟು ದಿನಕ್ಕೆ ಯಾರನ್ನೂ ಕರೆಯಲಾರದವನು.

"ತಂಗೀ, ಒಂದು ನಾಕು ಹುಳ ಕೊಡವ್ವಾ."

"ಕೊಡೂದ್ಯಾಕ ಭಾವಾರ, ನಾನ ತರತೀನಿ. ಭರಣಿ ಸಮೇತ."

ಮುರಿಗೆಪ್ಪನಿಗೆ ಕಟ್ಟೆಯ ಮಾತು ನೆನಪಾಯಿತು. ಹುಳ ಹೊತ್ತು ಹೊಸ್ತಿಲು ದಾಟಿದವರು ಮೊದಲು ಬಂದವರು. ಹುಟ್ಟಿ ಐವತ್ತು ವರ್ಷ ಬೆಳೆದ ಮನೆಗೆ ತಾನು ಅವಳ ಹಿಂದೆ ಬಂದವನಾಗಬೇಕು. "ನಾ ಹೊತ್ತೊಯ್ತೀನಿ, ನೀ ಯಾಕ ತ್ರಾಸ ತಗೋತಿ," ಎಂದು ಗೊಣಗಿದ. ನೀಲಗಂಗಾ ಹಲ್ಲಿನಲ್ಲಿ ದಾರ ಕಡಿದು, "ಭರಣಿ ನನ್ನ ಕೈಯಾಗಿಂದ ಬಿಡೂದಿಲ್ಲ," ಅಂದಳು. ಅಷ್ಟೇ. ಕೂಗು ನಿಂತ ಮನೆಗೆ ಊರಿನ ಮತ್ತಾರೂ ಹುಳ ಕೊಡರು. ಬೇರೆ ದಾರಿ ಇತ್ತೇ ಅವನಿಗೆ?

ಒಳ್ಳೆಯ ದಿನ ನೋಡಿ ಅವಳು ಭರಣಿ ಹೊತ್ತು ಬಂದಳು. ಐವರೂ ಹಿರಿಯರು ಸಾಕ್ಷಿಗೆ ನಿಂತಿದ್ದರು. ಅವಳು ಹೊಸ್ತಿಲು ದಾಟಿ ಒಳಗೆ ಹೋದಳು, ಹೊರಗೆ ನಿಂತಿದ್ದ ಮುರಿಗೆಪ್ಪ ಅವಳ ಹಿಂದೆ. ಈರಣ್ಣ ಬರಲಿಲ್ಲ, ಗುರುಬಸವ್ವ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಳು. ಹಾಗಾಗಿ ಆ ಮನೆಗೆ ಎರಡನೆಯವನಾಗಿ ಬಂದವನೂ ಕೊನೆಯವನಾಗಿ ಬಂದವನೂ ಮುರಿಗೆಪ್ಪನೇ. ಸಂಜೆ ದೀಪ ಹಚ್ಚುವಾಗ ಹುಳ ಕೂಗಿದವು. ಓಣಿಯವರೆಲ್ಲ ಕೈಮುಗಿದರು. ಅಡಿವೆಪ್ಪ ನನ್ನ ಕಡೆ ತಿರುಗಿ, "ನೋಡಿದ್ರಿಲ್ಲೋ ಅಕ್ಕೋರ? ಹುಳಕ್ಕ ಎಲ್ಲಾ ಗೊತ್ತಿರತೈತಿ. ನೀವು ಸುಮ್ನ ಆ ಬಡಜೀವದ ಹೊಟ್ಟಿ ಕೊಯ್ತೀರಿ," ಅಂದ. ನಾನು ಉತ್ತರ ಕೊಟ್ಟಿದ್ದರೆ ಅದಕ್ಕೂ ಒಂದು ತೀರ್ಪು ಬರುತ್ತಿತ್ತು.

ಹದಿನೈದು ದಿನದ ಮೇಲೆ ನೀಲಗಂಗಾ ಪ್ರಯೋಗಾಲಯಕ್ಕೆ ಬಂದಳು. ಹೇಗಿದ್ದೀ ಅಂದೆ. "ಛಲೋ ಐತ್ರಿ," ಅಂದಳು. ಬಾಟಲಿಗಳ ಸಾಲಿನ ಮೇಲೆ ಕಣ್ಣಾಡಿಸಿದಳು. "ಭಾವಾರು ಇನ್ನೂ ನನ್ನ 'ಲೇ' ಅಂತಾರ. ನಿನ್ನೆ ಹಿಂದಿನ ಖೋಲಿಗೆ ಕೀಲಿ ಹಾಕಿದ್ರು. ಕೇಳಿದ್ರ, ಗಂಡಸು ಇರೂ ಮನ್ಯಾಗ ಹೆಂಗಸಿಗೆ ಯಾಕ ಬ್ಯಾರೆ ಖೋಲಿ ಅಂದ್ರು. ಮತ್ತೊಮ್ಮೆ ಟ್ರಂಕು ಹೊತ್ತು ಹೊರಗ ಬೀಳೂದು ನನ್ನ ಕೈಲೆ ಆಗೂದಿಲ್ರಿ ಅಕ್ಕೋರ."

"ಮತ್ತೆ?"

"ನಮ್ಮ ಮನೀ ಹುಳ ನಿಮ್ಮ ಕಡೆ ಇನ್ನೂ ಅದಾವಿಲ್ಲೋ?"

"ಇವೆ. ಸಂತಾನ ಹೆಚ್ಚಾಗಿ ಒಂದು ಬಾಟಲಿ ಈಗ ಎರಡಾಗಿದೆ."

ಅವಳು ತಲೆಯಾಡಿಸಿದಳು. ಸೆರಗನ್ನು ಸರಿಮಾಡಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು: "ಆ ಹಳದಿ ಗುಳಿಗಿ ಹೆಸರು ಏನಂದ್ರಿ?"

ವಿಜ್ಞಾನ ಓದಿದವಳು ನಾನು. ಈ ನಿಯಮವೇ ಸುಳ್ಳು, ಇದನ್ನು ಒಡೆಯಬೇಕು, ಹೀಗೆ ಬಳಸಬಾರದು ಎಂದು ಅವಳಿಗೆ ಹೇಳಬಹುದಿತ್ತು. ಚೀಟಿ ಹುಡುಕಿ, ಔಷಧಿ ಅಂಗಡಿಯವನು ಓದಲು ಬರುವಂತೆ ದಪ್ಪ ಅಕ್ಷರದಲ್ಲಿ ಹೆಸರು ಬರೆದೆ. ಕೆಳಗೆ, ಒಂದು ಭರಣಿಗೆ ಎಷ್ಟು, ಎಷ್ಟು ದಿನ ಎಂಬುದನ್ನೂ ಬರೆದೆ.